ಕಿರುರಥದ ಸಾರಥ್ಯ

ಋತುಪರ್ಣ ಮಹಾರಾಜನು ಒಂದೇ ದಿನದಲ್ಲಿ ಅಯೋಧ್ಯೆಯಿಂದ ವಿದರ್ಭವನ್ನು ಸೇರಬೇಕಾಗಿ ಬಂದಾಗ, ಸಾರಥಿಯಾದ ಬಾಹುಕನು ಲಾಯವನ್ನೆಲ್ಲ ಸುತ್ತಿ ಬಡಕಲು ಕುದುರೆಗಳನ್ನು ಆರಿಸಿ ತಂದನಂತೆ. ಅರಸನಿಗೆ ಸಿಟ್ಟು ಬಂದಿತು. ಆದರೆ ಬಾಹುಕನ ವೇಷದಲ್ಲಿದ್ದ ನಳನು ಕುದುರೆಯ ಮೈಯ ಕೊಬ್ಬನ್ನು ನೋಡಿರಲಿಲ್ಲ, ಸುಳಿಗಳನ್ನು ನೋಡಿದ್ದನು. ದಾರಿಯಲ್ಲಿ ಅರಸನ ಉತ್ತರೀಯವು ಜಾರಿ ಬಿದ್ದಿತು. ರಥವನ್ನು ನಿಲ್ಲಿಸೆಂದು ಅವನು ಹೇಳುವಷ್ಟರಲ್ಲಿ ಅದು ಒಂದು ಯೋಜನದಷ್ಟು ಹಿಂದೆ ಉಳಿದಿತ್ತು!

ಮಗನಿಗೋ ಮಗಳಿಗೋ ಪಂದ್ಯದ ಕಾರ್ಟು ಕೊಡಿಸಲು ಹೊರಟ ತಂದೆಯು ಇಂದು ಋತುಪರ್ಣನ ಸ್ಥಾನದಲ್ಲಿಯೇ ನಿಂತಿರುತ್ತಾನೆ. ಹೊಳೆಯುವ ಬಣ್ಣ, ಹೊಸ ಎಂಜಿನು, ಅಂಟಿಸಿದ ಚೀಟಿಗಳು ಅವನ ಕಣ್ಣಿಗೆ ಮೊದಲು ಬೀಳುತ್ತವೆ. ಸುಳಿಗಳನ್ನು ನೋಡಲು ಕಲಿಯದೆ ಹಣ ತೆತ್ತರೆ, ಮನೆಯ ಉಳಿತಾಯವು ಒಂದೇ ವರ್ಷದಲ್ಲಿ ಹೊಗೆಯಾಗಿ ಹೋಗುವುದು. ಅದಕ್ಕಿಂತಲೂ ಹೆಚ್ಚಾಗಿ, ಮಗುವಿನ ಪಕ್ಕೆಲುಬಿಗೂ ಕತ್ತಿಗೂ ಕುತ್ತು ಬರಬಹುದು.

ಈ ಪುಟ್ಟ ವಾಹನದ ಹುಟ್ಟೇ ಬಡತನದ್ದು. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ, ಪಂದ್ಯದ ಕಾರುಗಳನ್ನು ತಯಾರಿಸುವ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಆರ್ಟ್ ಇಂಗೆಲ್ಸ್ ಎಂಬಾತನು ಉಕ್ಕಿನ ಕೊಳವೆಗಳನ್ನು ಬೆಸೆದು, ಹುಲ್ಲು ಕತ್ತರಿಸುವ ಯಂತ್ರದ ಎಂಜಿನನ್ನು ಅದಕ್ಕೆ ಕೂಡಿಸಿದನು. ಅಂಥ ಆಟಿಕೆಯ ವಂಶದಲ್ಲಿ ಹುಟ್ಟಿದ ಇಂದಿನ ಪಂದ್ಯದ ಕಾರ್ಟು, ದೊಡ್ಡ ಟ್ರ್ಯಾಕಿನಲ್ಲಿ ಗಂಟೆಗೆ ನೂರು ಕಿಲೋಮೀಟರನ್ನು ಸುಲಭವಾಗಿ ದಾಟುತ್ತದೆ. ಅದೂ ಚಾಲಕನು ನೆಲದಿಂದ ಕೆಲವೇ ಅಂಗುಲಗಳ ಮೇಲೆ ಕುಳಿತಿರುವಾಗ.

ಆರಂಭ ಮಾಡುವುದೆಲ್ಲಿಂದ? ಯಾವುದನ್ನೂ ಕೊಳ್ಳದೆ ಆರಂಭಿಸುವುದೇ ಉತ್ತಮ. ಬೆಂಗಳೂರಿನ ಹೊರವಲಯದ ಮೆಕೋ ಕಾರ್ಟೋಪಿಯದಂತಹ ಸ್ಥಳಗಳಲ್ಲಿ ಕಾರ್ಟುಗಳು ಬಾಡಿಗೆಗೆ ದೊರೆತಿವೆ. ಬಾಡಿಗೆಯ ಕಾರ್ಟು ತೂಕವುಳ್ಳದ್ದು. ಸುತ್ತಲೂ ರಬ್ಬರಿನ ಅಂಚು, ಹಿಂದೆ ಸಣ್ಣದೊಂದು ನಾಲ್ಕು ಸ್ಟ್ರೋಕಿನ ಎಂಜಿನು. ಮಗು ಒಂದು ಸುತ್ತನ್ನು ಎಷ್ಟು ಬೇಗ ಮುಗಿಸಿತು ಎಂಬುದಕ್ಕಿಂತ, ಹತ್ತು ಸುತ್ತುಗಳನ್ನು ಎಷ್ಟು ಸಮನಾಗಿ ಮುಗಿಸಿತು ಎಂಬುದನ್ನು ಬರೆದಿಡಬೇಕು. ಹತ್ತರಲ್ಲಿ ಒಂದು ಸುತ್ತು ವೇಗವಾಗಿ, ಉಳಿದವು ಅಡ್ಡಾದಿಡ್ಡಿಯಾಗಿ ಬಂದರೆ ಅದು ಅದೃಷ್ಟ. ಹತ್ತೂ ಸುತ್ತುಗಳು ಅರ್ಧ ಸೆಕೆಂಡಿನ ಒಳಗೆ ಬಂದರೆ ಅದು ಕಲಿಕೆ. ಎರಡನೆಯದು ಕಾಣುವವರೆಗೆ ಕೈಚೀಲ ಮುಚ್ಚಿಯೇ ಇರಲಿ. ಆಮೇಲೆ ತರಬೇತಿ ನೀಡುವ ತಂಡವೊಂದರ ಪಂದ್ಯದ ಕಾರ್ಟನ್ನು ದಿನದ ಲೆಕ್ಕಕ್ಕೆ ಪಡೆದು ಕೆಲವು ದಿನ ಓಡಿಸಬಹುದು.

ಸ್ಪರ್ಧೆಗೆ ಇಳಿಯಬೇಕಾದರೆ ಎಫ್‌ಎಂಎಸ್‌ಸಿಐ ಎಂಬ ಭಾರತೀಯ ಮೋಟಾರು ಕ್ರೀಡಾ ಒಕ್ಕೂಟದ ಪರವಾನಗಿ ಅವಶ್ಯ. ರಾಷ್ಟ್ರೀಯ ಪಂದ್ಯಾವಳಿಯ ಸುತ್ತುಗಳು ಬೆಂಗಳೂರು, ಕೊಯಮತ್ತೂರು, ಕೊಲ್ಹಾಪುರಗಳಲ್ಲಿ ನಡೆದಿವೆ. ವಯಸ್ಸಿಗೆ ತಕ್ಕಂತೆ ಮೈಕ್ರೊ, ಜೂನಿಯರ್, ಸೀನಿಯರ್ ಎಂಬ ವರ್ಗಗಳಿವೆ. ಹುಡುಗಿಯರೂ ಹುಡುಗರೂ ಒಂದೇ ಸಾಲಿನಲ್ಲಿ ನಿಂತು ಓಟವನ್ನು ಆರಂಭಿಸುತ್ತಾರೆ. ಪಂದ್ಯದ ಕಾರ್ಟಿಗೆ ಸಾರ್ವಜನಿಕ ರಸ್ತೆಯಲ್ಲಿ ಸ್ಥಾನವಿಲ್ಲ; ಬಡಾವಣೆಯ ಖಾಲಿ ರಸ್ತೆಯೂ ಇದಕ್ಕೆ ಹೊರತಲ್ಲ.

ಮೊದಲು ಕೊಳ್ಳಬೇಕಾದುದು ಕಾರ್ಟಲ್ಲ, ಶಿರಸ್ತ್ರಾಣ. ಕಾರ್ಟಿನಲ್ಲಿ ಚಾಲಕನಿಗೆ ಬೆಲ್ಟೂ ಇಲ್ಲ, ತಲೆಯ ಮೇಲೆ ಕಬ್ಬಿಣದ ಪಂಜರವೂ ಇಲ್ಲ. ಮಕ್ಕಳಿಗೆಂದೇ ಸಿದ್ಧವಾದ ಹಗುರವಾದ ಶಿರಸ್ತ್ರಾಣಗಳಿವೆ. ಎಳೆಯ ಕತ್ತು ದೊಡ್ಡವರ ಟೋಪಿಯ ಭಾರವನ್ನು ತಾಳಲಾರದು. ‘ಬೆಳೆಯುವ ಮಗು, ಒಂದು ಅಳತೆ ದೊಡ್ಡದಿರಲಿ’ ಎಂದು ಶಾಲೆಯ ಬೂಟು ಕೊಳ್ಳುವ ಲೆಕ್ಕ ಇಲ್ಲಿ ಸಲ್ಲದು. ಒಮ್ಮೆ ಜೋರಾಗಿ ಪೆಟ್ಟು ತಿಂದ ಶಿರಸ್ತ್ರಾಣವು ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಬಿಡಬೇಕು. ಆದುದರಿಂದ ಅದನ್ನು ಎಂದೂ ಬಳಸಿದವರಿಂದ ಕೊಳ್ಳಬಾರದು. ಇನ್ನು ಉಡುಪು: ಕಾರಿನ ಪಂದ್ಯದ ಉಡುಪು ಬೆಂಕಿಯನ್ನು ತಡೆಯಲು ಸಿದ್ಧವಾದದ್ದು, ಕಾರ್ಟಿನ ಉಡುಪು ಡಾಂಬರಿನ ಮೇಲೆ ಜಾರಿದಾಗ ಚರ್ಮ ಕಿತ್ತುಬರದಂತೆ ತಡೆಯಲು ಸಿದ್ಧವಾದದ್ದು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಇವುಗಳ ಜೊತೆಗೆ ಪಕ್ಕೆಲುಬಿನ ರಕ್ಷಾಕವಚ, ಕೈಗವಸು, ಪಾದದ ಗಂಟನ್ನು ಮುಚ್ಚುವ ಬೂಟು. ಇವಿಷ್ಟು ಬಂದ ಮೇಲೆಯೇ ಗಾಡಿಯ ಮಾತು.

ಗಾಡಿಯ ಸುಳಿ ಇರುವುದು ಎಂಜಿನಿನಲ್ಲಿ ಅಲ್ಲ, ಚಾಸಿಯಲ್ಲಿ. ಎಂದರೆ ಉಕ್ಕಿನ ಕೊಳವೆಗಳ ಚೌಕಟ್ಟಿನಲ್ಲಿ. ಕಾರು ತಿರುವಿನಲ್ಲಿ ಹೋಗುವಾಗ ಹೊರಬದಿಯ ಚಕ್ರವು ಹೆಚ್ಚು ದೂರವನ್ನೂ ಒಳಬದಿಯ ಚಕ್ರವು ಕಡಿಮೆ ದೂರವನ್ನೂ ಉರುಳಬೇಕಾಗುತ್ತದೆ. ಕಾರಿನಲ್ಲಿ ಅದಕ್ಕೆಂದೇ ಹಲ್ಲುಚಕ್ರಗಳ ಏರ್ಪಾಡುಂಟು. ಕಾರ್ಟಿಗೆ ಅದೂ ಇಲ್ಲ, ಸ್ಪ್ರಿಂಗೂ ಇಲ್ಲ. ಹಿಂದಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದುಕೊಂಡು ಒಟ್ಟಿಗೆ ಸುತ್ತುತ್ತವೆ. ಹಾಗಾದರೆ ಅದು ತಿರುಗುವುದು ಹೇಗೆ? ಚಾಲಕನು ಸ್ಟಿಯರಿಂಗನ್ನು ತಿರುವಿದೊಡನೆ ಮುಂದಿನ ಒಳಚಕ್ರವು ನೆಲವನ್ನು ಒತ್ತುತ್ತದೆ, ಚೌಕಟ್ಟು ತುಸುವೇ ತಿರುಚಿಕೊಳ್ಳುತ್ತದೆ, ಹಿಂದಿನ ಒಳಚಕ್ರವು ನೆಲವನ್ನು ಬಿಟ್ಟು ಮೇಲೇಳುತ್ತದೆ. ಕ್ಷಣಕಾಲ ಗಾಡಿಯು ಮೂರೇ ಚಕ್ರಗಳ ಮೇಲೆ ನಡೆಯುತ್ತದೆ. ಹೀಗೆ ಬಾಗಿ ಮರಳಿ ನೇರವಾಗುವ ಗುಣವುಳ್ಳ ಚೌಕಟ್ಟೇ ಕಾರ್ಟಿನ ಪ್ರಾಣ.

ಆದುದರಿಂದ ಬಳಸಿದ ಚಾಸಿಯನ್ನು ಕೊಳ್ಳುವವರು ಅದನ್ನು ಮಗುಚಿ ಹಾಕಿಸಿ ನೋಡಬೇಕು. ಕೊಳವೆಯ ತಳವು ನೆಲಕ್ಕೆ ಉಜ್ಜಿ ಚಪ್ಪಟೆಯಾಗಿದೆಯೆ? ಬೆಸುಗೆಯ ಬಳಿ ಕೂದಲೆಳೆಯಂತಹ ಬಿರುಕಿದೆಯೆ? ಹೊಸದಾಗಿ ಬಣ್ಣ ಬಳಿದ ಕಡೆಯಲ್ಲಿಯೇ ಹೆಚ್ಚು ಹುಡುಕಬೇಕು. ಮೈಯೆಲ್ಲ ಗೀರಿದ್ದರೂ ನೆಟ್ಟಗಿರುವ ಚಾಸಿಯು ನಳನ ಬಡಕಲು ಕುದುರೆ; ಮಿರುಗುತ್ತಿದ್ದರೂ ಸೊಟ್ಟಗಿರುವುದು ಕೊಬ್ಬಿದ ಕತ್ತೆ. ಮೈಕ್ರೊ ವರ್ಗದ ಚಾಸಿಯು ಅಳತೆಯಲ್ಲಿ ಚಿಕ್ಕದು, ಜೂನಿಯರ್ ವರ್ಗಕ್ಕೆ ಅದು ಬಾರದು. ಹನ್ನೊಂದು ವರ್ಷ ತುಂಬಿದ ಮಗುವಿಗೆ ಅದನ್ನು ಕೊಳ್ಳುವುದು ಒಂದು ವರ್ಷದ ಸುಖಕ್ಕೆ ಎರಡು ಗಾಡಿಗಳ ಬೆಲೆ ತೆತ್ತಂತೆ. ಆಸನದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಸಡಿಲವಾದ ಆಸನದಲ್ಲಿ ಮಗುವಿನ ಪಕ್ಕೆಯು ಪ್ರತಿ ತಿರುವಿನಲ್ಲಿಯೂ ಬಡಿಯುತ್ತದೆ. ಸೊಂಟಕ್ಕೆ ಸರಿಯಾಗಿ ಹಿಡಿದ ಆಸನವು ಚಾಲಕನ ಭಾರವನ್ನು ಚೌಕಟ್ಟಿಗೆ ಒಪ್ಪಿಸುತ್ತದೆ.

ಇನ್ನು ಎಂಜಿನು. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಬಳಕೆಗೆ ಬಂದಿರುವುದು ಆಸ್ಟ್ರಿಯ ದೇಶದ ರೋಟಾಕ್ಸ್ ಸಂಸ್ಥೆಯ 125 ಸಿಸಿಯ, ಎರಡು ಸ್ಟ್ರೋಕಿನ, ನೀರಿನಿಂದ ತಣಿಯುವ ಎಂಜಿನು. ಇದಕ್ಕೆ ಮುದ್ರೆ ಹಾಕಿರುತ್ತಾರೆ. ಹಣವಂತರು ಅದನ್ನು ಬಿಚ್ಚಿ ಒಳಗುಟ್ಟಾಗಿ ಬಲ ಹೆಚ್ಚಿಸಬಾರದೆಂಬುದೇ ಮುದ್ರೆಯ ಉದ್ದೇಶ. ಮಧ್ಯಮ ವರ್ಗದ ಮನೆಗೆ ಇದೊಂದು ಆಸರೆ. ಕೊಳ್ಳುವಾಗ ಮುದ್ರೆಯ ಸಂಖ್ಯೆಯನ್ನು ದಾಖಲೆಯ ಪುಸ್ತಕದೊಡನೆ ಹೋಲಿಸಿ, ಕೊನೆಯ ದುರಸ್ತಿಯ ಅನಂತರ ಎಷ್ಟು ಗಂಟೆ ಓಡಿದೆಯೆಂದು ಕೇಳಬೇಕು.

ಕಾರ್ಬುರೇಟರಿರುವ ಎಂಜಿನಾದರೆ ನಮ್ಮ ಸೀಮೆಯವರು ನೆನಪಿಡಬೇಕಾದ ಇನ್ನೊಂದು ಮಾತುಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರಿನಷ್ಟು ಎತ್ತರದಲ್ಲಿದೆ. ಚೆನ್ನೈ ಸಮುದ್ರದ ದಡದಲ್ಲಿಯೇ ಇದೆ. ಬೆಂಗಳೂರಿನ ತೆಳುಗಾಳಿಗೆ ಹೊಂದುವಂತೆ ಹಾಕಿದ ಕಿರಿಯ ರಂಧ್ರದ ಜೆಟ್ಟನ್ನು ಬದಲಿಸದೆ ಚೆನ್ನೈಯ ದಟ್ಟಗಾಳಿಯಲ್ಲಿ ಓಡಿಸಿದರೆ ಪೆಟ್ರೋಲು ಸಾಲದೆ, ಅದರೊಡನೆ ಬೆರೆತು ಬರುವ ಎಣ್ಣೆಯೂ ಸಾಲದೆ, ಪಿಸ್ಟನ್ನು ಬಿಸಿಯಾಗಿ ಕಚ್ಚಿಕೊಳ್ಳುವುದು. ಕೆಲವು ರೂಪಾಯಿಗಳ ಹಿತ್ತಾಳೆಯ ಜೆಟ್ಟು ಇಡೀ ಎಂಜಿನನ್ನು ಉಳಿಸಬಲ್ಲದು. ಯಾವ ಊರಿನಲ್ಲಿ, ಎಂಥ ಬಿಸಿಲಿನಲ್ಲಿ ಯಾವ ಜೆಟ್ಟು, ಟೈರಿನಲ್ಲಿ ಎಷ್ಟು ಗಾಳಿ ಎಂದು ಬರೆದಿಡುವ ನೋಟುಬುಕ್ಕು ಮತ್ತು ಒಳ್ಳೆಯದೊಂದು ಒತ್ತಡ ಮಾಪಕ, ಇವೆರಡೂ ಹೊಸಬರ ಅತ್ಯಂತ ಅಗ್ಗದ ಆಯುಧಗಳು.

ಗಾಡಿಗೆಂದು ತೆಗೆದಿಟ್ಟ ಹಣದಲ್ಲಿ ಅರ್ಧವನ್ನು ಮಾತ್ರ ಗಾಡಿಗೆ ವಿನಿಯೋಗಿಸುವುದು ಜಾಣತನ. ಟೈರು, ಸರಪಳಿ, ಬ್ರೇಕಿನ ಪ್ಯಾಡು, ಟ್ರ್ಯಾಕಿನ ಶುಲ್ಕ, ಸಾಗಾಣಿಕೆ ಇವೆಲ್ಲವೂ ಉಳಿದರ್ಧವನ್ನು ಬೇಡುತ್ತವೆ. ಗಾಡಿಯನ್ನು ಕೊಂಡು ಅಭ್ಯಾಸಕ್ಕೆ ಹಣವಿಲ್ಲವೆನ್ನುವುದು, ಆನೆಯನ್ನು ಕೊಂಡು ಅಂಕುಶಕ್ಕೆ ಪರದಾಡಿದ ಹಾಗೆ. ಜರ್ಮನಿಯ ಮೈಕೇಲ್ ಶೂಮಾಕರನ ತಂದೆಯು ಇಟ್ಟಿಗೆ ಕಟ್ಟುವ ಕೆಲಸಗಾರ. ಪೆಡಲು ತುಳಿಯುವ ಗಾಡಿಗೆ ಸಣ್ಣ ಮೋಟಾರು ಸೈಕಲಿನ ಎಂಜಿನನ್ನು ಕೂಡಿಸಿ ನಾಲ್ಕು ವರ್ಷದ ಮಗನನ್ನು ಕೂರಿಸಿದವನು. ಇತರರು ಬಿಸಾಡಿದ ಟೈರುಗಳಲ್ಲಿಯೇ ಓಡಿಸಿ ಕಲಿತ ಆ ಹುಡುಗ 1984ರಲ್ಲಿ ಜರ್ಮನಿಯ ಕಿರಿಯರ ಕಾರ್ಟ್ ಚಾಂಪಿಯನ್ ಆದನು.

ಆದರೆ ಎಲ್ಲ ಮಕ್ಕಳೂ ಶೂಮಾಕರರಾಗುವುದಿಲ್ಲ. ಫಾರ್ಮುಲಾ ಒನ್ ಪಂದ್ಯದಲ್ಲಿ ಓಡಿದ ಭಾರತೀಯರು ಇಬ್ಬರೇ: 2005ರಲ್ಲಿ ಕೊಯಮತ್ತೂರಿನ ನಾರಾಯಣ್ ಕಾರ್ತಿಕೇಯನ್, 2010ರಲ್ಲಿ ಚೆನ್ನೈಯ ಕರುಣ್ ಚಂದೋಕ್. ಆ ಗುರಿಯೊಂದನ್ನೇ ಮುಂದಿಟ್ಟುಕೊಂಡು ಮನೆಯನ್ನು ಅಡವಿಡುವುದು ತರವಲ್ಲ.

ಕೊಳ್ಳಬೇಕೆ ಬೇಡವೆ ಎಂಬ ಸಂದೇಹ ಉಳಿದರೆ ಒಂದು ಸುಲಭವಾದ ಪರೀಕ್ಷೆಯುಂಟು. ಅಭ್ಯಾಸವು ಮುಗಿದ ಸಂಜೆ, ಬೆವರು ಆರುವ ಮೊದಲೇ ಬಟ್ಟೆ ಹಿಡಿದು ಸರಪಳಿಯನ್ನು ಒರೆಸಿ ಎಣ್ಣೆ ಹಾಕಲು ಮುಂದಾಗುವವರು ಯಾರು? ಮಗುವಾದರೆ ನಿಶ್ಚಿಂತೆಯಿಂದ ಕೊಳ್ಳಬಹುದು. ಮಗು ಐಸ್ ಕ್ರೀಮಿನ ಅಂಗಡಿಯ ಕಡೆಗೆ ಓಡಿ, ತಂದೆಯೇ ಮಂಡಿಯೂರಿ ಒರೆಸುತ್ತಿದ್ದರೆ, ಕಾರ್ಟಿನ ಆಸೆಯಿರುವುದು ತಂದೆಗೆ. ಆತನಿಗೆ ಭಾನುವಾರದ ಬಾಡಿಗೆ ಕಾರ್ಟು ಧಾರಾಳವಾಗಿ ಸಾಕು.