ಮೊದಲು ಸೋರುವ ಕೊಠಡಿ, ಆಮೇಲೆ ಸ್ವಾಗತ ಕಮಾನು

ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಪಾಲಕರಲ್ಲಿ, ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಹಾಗೂ ಗ್ರಾಮ ಪಂಚಾಯತಿ ಸದಸ್ಯರಲ್ಲಿ ಮನವಿ



ಮುಂಗಾರು ಹಿಡಿದಾಗ ನಮ್ಮ ಭಾಗದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಹೇಗಿರುತ್ತದೆ ಎಂಬುದನ್ನು ಮೊದಲು ಹೇಳುತ್ತೇವೆ. ಊರಿನ ಹೆಸರು ಹಾಕುತ್ತಿಲ್ಲ. ಹಾಕಿದರೆ ಅಲ್ಲಿನ ಮುಖ್ಯ ಗುರುಗಳಿಗೆ ನೋಟಿಸ್ ಬರುತ್ತದೆ, ಕೊಠಡಿ ಬರುವುದಿಲ್ಲ.

ಇರುವುದು ನಾಲ್ಕು ಕೊಠಡಿ. ಒಂದರ ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ‘ಶಿಥಿಲ, ಪ್ರವೇಶವಿಲ್ಲ’ ಎಂದು ಬರೆದು ಬೀಗ ಹಾಕಿದ್ದಾರೆ. ಇನ್ನೊಂದರಲ್ಲಿ ಬಿಸಿಯೂಟದ ಅಕ್ಕಿ ಚೀಲ, ಬೇಳೆ, ಎಣ್ಣೆ, ಗ್ಯಾಸ್ ಸಿಲಿಂಡರ್, ಕಾಲು ಮುರಿದ ಡೆಸ್ಕು, ಗುರುಗಳ ಟೇಬಲ್ಲು, ದಾಖಲೆಗಳ ಅಲ್ಮೆರಾ. ಉಳಿದ ಎರಡರಲ್ಲಿ ಏಳು ತರಗತಿ ನಡೆಯಬೇಕು. ನಲಿ-ಕಲಿಯ ಒಂದರಿಂದ ಮೂರನೆಯವರು ಒಂದು ಕೋಣೆಯಲ್ಲಿ. ಆರು ಮತ್ತು ಏಳನೆಯವರು ಇನ್ನೊಂದರಲ್ಲಿ, ಬೆನ್ನಿಗೆ ಬೆನ್ನು ಹಾಕಿಕೊಂಡು: ಮೂಡಣ ಗೋಡೆಯ ಕರಿಹಲಗೆಯಲ್ಲಿ ಭಿನ್ನರಾಶಿ, ಪಡುವಣ ಗೋಡೆಯದರಲ್ಲಿ ಸಮಾಜ ವಿಜ್ಞಾನ, ನಡುವೆ ಎರಡೂ ಪಾಠದ ದನಿ. ನಾಲ್ಕು, ಐದನೆಯವರಿಗೆ ಪಡಸಾಲೆಯೇ ಗತಿ. ಚಾವಣಿಯ ಸಿಮೆಂಟು ಉದುರಿ ತುಕ್ಕು ಹಿಡಿದ ಸರಳು ಹೊರಗೆ ಬಂದಿದೆ. ಹನಿ ಬಿದ್ದಲ್ಲಿ ಬಕೆಟ್ ಇಡುತ್ತಾರೆ, ಮಕ್ಕಳು ಪಾಟಿಚೀಲ ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಮಳೆ ಜೋರಾದರೆ ಪಡಸಾಲೆಯವರೂ ಒಳಗೆ ಬರುತ್ತಾರೆ. ಆಮೇಲೆ ಪಾಠ ಆಗುವುದಿಲ್ಲ, ಗಂಟೆ ಬಾರಿಸಿ ಮನೆಗೆ ಕಳಿಸುತ್ತಾರೆ.

ಅದೇ ಊರಿನ ಅಗಸಿಯಲ್ಲಿ ಸ್ವಾಗತ ಕಮಾನು ಇದೆ. ಅನುದಾನದಲ್ಲಿ ಕಟ್ಟಿದ ಸಮುದಾಯ ಭವನ ಇದೆ, ವರ್ಷದ ಬಹುಪಾಲು ಬೀಗ ಹಾಕಿಕೊಂಡಿರುತ್ತದೆ. ಹೈಮಾಸ್ಟ್ ದೀಪವೂ ಇದೆ. ಇವು ಊರಿಗೆ ಬೇಡ ಎನ್ನುತ್ತಿಲ್ಲ. ಶಾಲೆಯ ಕೊಠಡಿಗಿಂತ ಮೊದಲು ಬಂದದ್ದಕ್ಕೆ ನಮ್ಮ ಆಕ್ಷೇಪ. ಈ ಕರಪತ್ರದ ಬೇಡಿಕೆಯೂ ಅಷ್ಟೇ: ಊರಿಗೆ ಬರುವ ಅಭಿವೃದ್ಧಿ ಹಣದಲ್ಲಿ ಮೊದಲ ಪಾಲು ಮಕ್ಕಳು ಕೂಡುವ ಕೊಠಡಿಗೆ ಹೋಗಬೇಕು. ಸೋರುವ ಕೊಠಡಿ ಇರುವ ಊರಿನಲ್ಲಿ ಅದು ಮುಗಿಯುವ ತನಕ ಬೇರೆ ಕಟ್ಟಡಕ್ಕೆ ಅಡಿಗಲ್ಲು ಬೀಳಬಾರದು.

ಇದನ್ನು ನಾವು ದಯೆ ಎಂದು ಕೇಳುತ್ತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಅನುಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಮಳೆ-ಬಿಸಿಲು ತಡೆಯುವ ಕಟ್ಟಡ, ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ, ಗಂಡು-ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆಟದ ಮೈದಾನ, ಗ್ರಂಥಾಲಯ, ಕಾಂಪೌಂಡ್. ಇವನ್ನೆಲ್ಲ ಪೂರೈಸಲು ಕಾಯ್ದೆ ಕೊಟ್ಟ ಗಡುವು ಮೂರು ವರ್ಷ. ಅದು 2013ರಲ್ಲೇ ಮುಗಿಯಿತು. ಅದೇ 2013ರಲ್ಲಿ ರಾಜ್ಯದ ಹೈಕೋರ್ಟು ಶಾಲೆ ಬಿಟ್ಟ ಮಕ್ಕಳ ಬಗ್ಗೆ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಹತ್ತು ವರ್ಷದ ಮೇಲೆ, 2023ರಲ್ಲಿ ಅದೇ ವಿಚಾರಣೆಯಲ್ಲಿ ರಾಜ್ಯದ 464 ಸರ್ಕಾರಿ ಶಾಲೆಗಳಲ್ಲಿ ಶೌಚಾಲಯವಿಲ್ಲ, 32ರಲ್ಲಿ ಕುಡಿಯುವ ನೀರಿಲ್ಲ ಎಂಬ ಸಂಗತಿ ನ್ಯಾಯಾಲಯದ ಮುಂದೆ ಬಂತು. ಶೌಚಾಲಯ ‘ಇದೆ’ ಎಂದು ಲೆಕ್ಕಕ್ಕೆ ಬಂದ ಶಾಲೆಗಳಲ್ಲಿ ನೀರಿಲ್ಲದೆ ಬೀಗ ಬಿದ್ದವು ಎಷ್ಟು ಎಂಬುದು ಏಳನೆಯ ತರಗತಿಯ ಹೆಣ್ಣುಮಕ್ಕಳ ತಾಯಂದಿರಿಗೆ ಗೊತ್ತು.

ಹಣವಿಲ್ಲ ಎಂಬ ಉತ್ತರವನ್ನು ಬೇರೆ ಕಡೆ ಹೇಳಿದರೆ ಕೇಳಬಹುದು, ನಮ್ಮ ಭಾಗದಲ್ಲಿ ಅಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಇಡೀ ರಾಜ್ಯ ಅಳೆದು 39 ತಾಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಪಟ್ಟಿ ಮಾಡಿತು. ಸಿಂಧನೂರು, ಲಿಂಗಸುಗೂರು ಎರಡೂ ಅದರಲ್ಲಿದ್ದವು; ಮಸ್ಕಿ ಆಗ ಲಿಂಗಸುಗೂರಿನ ಒಂದು ಹೋಬಳಿ. ವೈಜನಾಥ ಪಾಟೀಲರಂಥ ಹೋರಾಟಗಾರರು ದಶಕಗಟ್ಟಲೆ ಬೀದಿಗಿಳಿದ ಮೇಲೆ, 2012ರ ಕೊನೆಗೆ ಸಂಸತ್ತು ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯನ್ನು ಒಪ್ಪಿತು. ಅದರಿಂದ ಪ್ರತ್ಯೇಕ ಮಂಡಳಿ ಬಂತು, ಇಂದಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ. ಇತ್ತೀಚಿನ ಬಜೆಟ್‌ಗಳಲ್ಲಿ ಏಳು ಜಿಲ್ಲೆಗಳಿಗೆಂದು ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ‘ಅಕ್ಷರ ಆವಿಷ್ಕಾರ’ ಹೆಸರಿನಲ್ಲಿ ಮಂಡಳಿಯ ಹಣದ ನಾಲ್ಕನೇ ಒಂದು ಭಾಗ ಶಿಕ್ಷಣಕ್ಕೆ ಎಂದೂ ಹೇಳಿದ್ದಾರೆ. ಆ ಲೆಕ್ಕದಂತೆ ವರ್ಷಕ್ಕೆ 1,250 ಕೋಟಿ.

ಒಂದು ಕೊಠಡಿಗೆ ಏನು ಖರ್ಚು? 2022ರಲ್ಲಿ ‘ವಿವೇಕ’ ಯೋಜನೆಯಡಿ ರಾಜ್ಯದಲ್ಲಿ 7,601 ಕೊಠಡಿಗೆ ಸುಮಾರು 992 ಕೋಟಿ ಇಟ್ಟರು. ಭಾಗಿಸಿದರೆ ಕೊಠಡಿಗೆ 13 ಲಕ್ಷ. ಉಸುಕು, ಕಬ್ಬಿಣದ ದರ ಏರಿದೆ, 20 ಲಕ್ಷವೇ ಆಗಲಿ ಎಂದುಕೊಳ್ಳೋಣ. 1,250 ಕೋಟಿಯಲ್ಲಿ 6,250 ಕೊಠಡಿ ಆಗುತ್ತವೆ. ಇದರಲ್ಲಿ ಅರ್ಧದಷ್ಟೇ ಕೊಠಡಿಗೆ ಕೊಟ್ಟರೂ ಎರಡು-ಮೂರು ವರ್ಷದಲ್ಲಿ ಏಳು ಜಿಲ್ಲೆಯ ಶಾಲೆಗಳ ಚಹರೆ ಬದಲಾಗಬೇಕು. ಹಾಗಾಗಿದೆಯೇ? ಘೋಷಿಸಿದ ಹಣ, ಬಿಡುಗಡೆಯಾದ ಹಣ, ಖರ್ಚಾದ ಹಣ ಇವು ಮೂರೂ ಬೇರೆ ಬೇರೆ ಅಂಕಿಗಳು. ನಮಗೆ ಬೇಕಾದದ್ದು ಮೂರನೆಯದು, ಅದೂ ತಾಲೂಕುವಾರು, ಶಾಲೆವಾರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಲಾಶಯದಿಂದ ಎಷ್ಟು ಕ್ಯುಸೆಕ್ ಬಿಟ್ಟರು ಎಂಬುದರಿಂದ ಗದ್ದೆ ಹಸಿಯಾಗುವುದಿಲ್ಲ.

ಇನ್ನು ಲಿಂಗಸುಗೂರಿನ ಮಾತು ಬೇರೆಯೇ ಇದೆ. ಹಟ್ಟಿ ಚಿನ್ನದ ಗಣಿ ಈ ತಾಲೂಕಿನ ನೆಲದಲ್ಲಿದೆ, ಅದು ರಾಜ್ಯ ಸರ್ಕಾರದ್ದೇ ಕಂಪನಿ. 2015ರಲ್ಲಿ ಗಣಿ ಕಾಯ್ದೆ ತಿದ್ದಿದ ಮೇಲೆ ಗಣಿ ನಡೆಸುವವರು ರಾಯಲ್ಟಿಯ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೂ ಹಣ ಕಟ್ಟಬೇಕು. ಆ ಹಣದ ಬಹುಭಾಗ, 2015ರ ನಿಯಮದಲ್ಲಿ ಶೇ 60, 2024ರ ನಿಯಮದಲ್ಲಿ ಶೇ 70, ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಕೆಲಸಗಳಿಗೇ ಹೋಗಬೇಕು, ಅದರಲ್ಲೂ ಗಣಿಯಿಂದ ಬಾಧಿತವಾದ ಊರುಗಳಿಗೆ ಮೊದಲು. ಗಣಿಯ ಸುತ್ತಲಿನ ದೊಡ್ಡಿ, ತಾಂಡಾಗಳ ಶಾಲೆಗಳಿಗೆ ಇದರಿಂದ ಏನು ಬಂತು ಎಂದು ಅಲ್ಲಿನ ಗ್ರಾಮ ಪಂಚಾಯತಿಗಳು ಬರೆದು ಕೇಳಬೇಕು. ಈ ನೆಲದಿಂದ ಚಿನ್ನ ಹೋಗುತ್ತದೆ. ಇಲ್ಲಿನ ಕೂಸುಗಳಿಗೆ ಗಟ್ಟಿ ಚಾವಣಿ ಕೇಳುವುದು ಹೆಚ್ಚಿನದೇನಲ್ಲ.

ದೊಡ್ಡ ಹಣದ ಕಥೆ ಇದಾದರೆ, ಶಾಲೆಯ ಕೈಗೆ ನೇರವಾಗಿ ಬರುವ ಹಣದ ಕಥೆ ಇನ್ನೂ ಬಡವಾಗಿದೆ. ಸಮಗ್ರ ಶಿಕ್ಷಣದ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ಬರುತ್ತದೆ. 30 ಮಕ್ಕಳ ತನಕ ವರ್ಷಕ್ಕೆ 10,000, ನೂರರ ತನಕ 25,000, 250ರ ತನಕ 50,000 ರೂಪಾಯಿ. 180 ಮಕ್ಕಳ ಶಾಲೆಗೆ 50,000 ಎಂದರೆ, ವರ್ಷಕ್ಕೆ 220 ದಿನ ಶಾಲೆ ಎಂದು ಹಿಡಿದರೆ, ಮಗುವಿಗೆ ದಿನಕ್ಕೆ ಒಂದೂಕಾಲು ರೂಪಾಯಿ. ಸೀಮೆಸುಣ್ಣ, ದಾಖಲೆ ಪುಸ್ತಕ, ಪೊರಕೆ, ಫಿನಾಯಿಲ್, ನಲ್ಲಿ ದುರಸ್ತಿ, ಬಾಗಿಲ ಚಿಲಕ, ರಾಷ್ಟ್ರೀಯ ಹಬ್ಬದ ಖರ್ಚು ಎಲ್ಲ ಇದರಲ್ಲೇ. ಇದು ಸಾಲದೆ ಮುಖ್ಯ ಗುರುಗಳು ತಮ್ಮ ಜೇಬಿನಿಂದ ಹಾಕುತ್ತಾರೆ. ಅವರ ಮೇಲೆ ಸಿಟ್ಟು ಮಾಡುವ ಮೊದಲು ನಾವು ಈ ಲೆಕ್ಕ ನೆನೆಯಬೇಕು. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ವಿದ್ಯುತ್ತು, ನೀರು ಉಚಿತ ಎಂದು ಸರ್ಕಾರ ಘೋಷಿಸಿತು. ಅದೊಂದು ಭಾರ ಇಳಿಸಿದ್ದು ಒಳ್ಳೆಯ ಕೆಲಸ, ಮನಸಾರೆ ಒಪ್ಪುತ್ತೇವೆ.

ಹಾಗಾದರೆ ಕಮಾನು, ಭವನ ಮೊದಲು ಬರುವುದೇಕೆ? ನಾವು ಕಂಡುಕೊಂಡ ಕಾರಣ ಇಷ್ಟೇ. ಭವನ ಕೇಳಲು ಆಯಾ ಸಮಾಜದ ಹಿರಿಯರು ಜೀಪು ಮಾಡಿಕೊಂಡು ಶಾಸಕರ ಮನೆಗೆ ಹೋಗುತ್ತಾರೆ. ರಸ್ತೆ ಕೇಳಲು ಗುತ್ತಿಗೆದಾರರು ಹೋಗುತ್ತಾರೆ. ಕೊಠಡಿ ಕೇಳಲು ಯಾರು ಹೋಗಬೇಕು? ಅಲ್ಲಿ ಕೂಡುವ ಮಗುವಿನ ಅಪ್ಪ-ಅವ್ವ ಭತ್ತ ನಾಟಿಗೋ, ಹತ್ತಿ ಬಿಡಿಸಲಿಕ್ಕೋ ಹೋಗಿರುತ್ತಾರೆ, ಬೇಸಿಗೆ ಬಂದರೆ ಬೆಂಗಳೂರು, ಪುಣೆಗೆ ಗುಳೆ ಹೊರಟಿರುತ್ತಾರೆ. ಕ್ರಿಯಾಯೋಜನೆ ಬರೆಯುವ ಅಧಿಕಾರಿಯ ಮಗು, ಅದಕ್ಕೆ ಶಿಫಾರಸು ಮಾಡುವ ಮುಖಂಡರ ಮಗು, ನಮ್ಮಲ್ಲೇ ಎರಡೆಕರೆ ನೀರಾವರಿ ಇದ್ದವರ ಮಗು ಕೂಡ ಹಳದಿ ವ್ಯಾನು ಹತ್ತಿ ಖಾಸಗಿ ಶಾಲೆಗೆ ಹೋಗಿ ಆಯಿತು. ಉಳಿದವರು ದನಿ ಇಲ್ಲದವರ ಮಕ್ಕಳು. ಹಣ ಕೇಳುವವರ ಹಿಂದೆ ಹೋಗುತ್ತಿದೆ, ಕೊರತೆಯ ಹಿಂದೆ ಹೋಗುತ್ತಿಲ್ಲ.

‘ಸರ್ಕಾರಿ ಶಾಲೆಯಲ್ಲಿ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ, ಕೊಠಡಿ ಕಟ್ಟಿ ಏನು ಮಾಡುವುದು’ ಎನ್ನುವವರಿದ್ದಾರೆ. ಚಾವಣಿ ಬೀಳುವ ಶಾಲೆಗೆ ಯಾವ ತಾಯಿ ಮಗುವನ್ನು ಕಳಿಸುತ್ತಾಳೆ? ಸಾಲ ಮಾಡಿ ಖಾಸಗಿ ಶುಲ್ಕ ಕಟ್ಟುತ್ತಿರುವ ಕೂಲಿಕಾರರು ನಮ್ಮ ಓಣಿಯಲ್ಲೇ ಇದ್ದಾರೆ. ಅವರಲ್ಲಿ ಬಹಳ ಮಂದಿ ಇಂಗ್ಲಿಷಿನ ಆಸೆಯಷ್ಟೇ ಅಲ್ಲ, ಕುಳಿತುಕೊಳ್ಳಲು ಒಂದು ಬೆಂಚು, ತರಗತಿಗೊಬ್ಬ ಶಿಕ್ಷಕರನ್ನು ನೋಡಿ ಹೋದವರು. ದೊಡ್ಡ ಊರಿಗೊಂದು ಕರ್ನಾಟಕ ಪಬ್ಲಿಕ್ ಶಾಲೆ ಮಾಡಿ ಸುತ್ತಲಿನ ಮಕ್ಕಳನ್ನು ಅಲ್ಲಿಗೆ ತರುತ್ತೇವೆ ಎಂಬ ಮಾತೂ ಕೇಳುತ್ತಿದೆ. ಒಳ್ಳೆಯ ದೊಡ್ಡ ಶಾಲೆ ಬರಲಿ. ಆದರೆ ತಾಂಡಾದ, ಕ್ಯಾಂಪಿನ, ದೊಡ್ಡಿಯ ಆರು ವರ್ಷದ ಕೂಸು ಬಸ್ಸಿಲ್ಲದ ದಾರಿಯಲ್ಲಿ ದಿನಾ ಹೋಗಲಾರದು. ಅದರಲ್ಲೂ ಹೆಣ್ಣುಮಗುವಾದರೆ ಮೊದಲ ವಾರಕ್ಕೇ ಬಿಡಿಸುತ್ತಾರೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 50 ಕೂಡ ದಾಟಿರಲಿಲ್ಲ. ಇರುವ ಶಾಲೆ ಗಟ್ಟಿ ಮಾಡುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಕೊಠಡಿ ಕಟ್ಟಿದ ಮಾತ್ರಕ್ಕೆ ಫಲಿತಾಂಶ ಬರುತ್ತದೆ ಎಂದು ನಾವು ಹೇಳುವುದಿಲ್ಲ. 2025ರ ಎಸ್‌ಎಸ್‌ಎಲ್‌ಸಿಯಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆದು ಮೊದಲಾಯಿತು, ಕಲಬುರಗಿ ಶೇ 42.43ಕ್ಕೆ ಕೊನೆಯಾಯಿತು, ನಮ್ಮ ರಾಯಚೂರು ಕೆಳಗಿನ ಸಾಲಿನಲ್ಲೇ ನಿಂತಿತು. ಇದರ ಹಿಂದೆ ಶಿಕ್ಷಕರ ಕೊರತೆ ಇದೆ. ನಮ್ಮ ಶಾಲೆಗಳು ಅತಿಥಿ ಶಿಕ್ಷಕರ ಹೆಗಲ ಮೇಲೆ ನಡೆಯುತ್ತಿವೆ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,000 ಇದ್ದದ್ದು 2025-26ರಲ್ಲಿ 12,000 ಆಯಿತು. ಡಿ.ಇಡಿ., ಬಿ.ಇಡಿ. ಓದಿದ ಹುಡುಗ-ಹುಡುಗಿಯರು ಇಷ್ಟಕ್ಕೆ, ಅದೂ ತಿಂಗಳುಗಟ್ಟಲೆ ತಡವಾಗಿ ಬರುವ ಹಣಕ್ಕೆ ದುಡಿಯುತ್ತಾರೆ. ಖಾಲಿ ಹುದ್ದೆ ತುಂಬಿಸಿ ಎಂಬುದೂ ನಮ್ಮ ಬೇಡಿಕೆಯೇ. ಆದರೆ ಕಾಯಂ ಶಿಕ್ಷಕರು ನಮ್ಮ ಭಾಗಕ್ಕೆ ಬಂದು, ವರ್ಗಾವಣೆಗೆ ಅರ್ಜಿ ಹಾಕದೆ ನಿಲ್ಲಬೇಕೆಂದರೂ ಅವರಿಗೆ ನಿಂತು ಪಾಠ ಮಾಡಲು ಒಂದು ಕೋಣೆ ಬೇಕು.

ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿಯೇ ಇದೆ. 2002ರಲ್ಲಿ ಅಕ್ಷರ ದಾಸೋಹ ರಾಜ್ಯದಲ್ಲಿ ಶುರುವಾದದ್ದು ರಾಯಚೂರೂ ಸೇರಿ ಉತ್ತರದ ಏಳು ಜಿಲ್ಲೆಗಳಲ್ಲಿ. ಒಲೆ, ಪಾತ್ರೆ, ಅಡುಗೆಯವರು ಯಾವುದೂ ಇಲ್ಲದ ಶಾಲೆಗಳಿಗೆ ಬಿಸಿ ಅನ್ನ ಬಂತು, ಇಂದಿಗೂ ಬರುತ್ತಿದೆ. ಹಸಿದ ಮಗುವಿಗೆ ಊಟ ಮೊದಲು ಎಂದು ಸರ್ಕಾರ ಒಮ್ಮೆ ತೀರ್ಮಾನಿಸಿತು, ದುಡ್ಡೂ ಹೊಂದಿಸಿತು.

ನಮ್ಮ ಜನಕ್ಕೂ ಕೇಳುವುದು ಗೊತ್ತು. ನೀರಾವರಿಯ 5ಎ ಕಾಲುವೆಗಾಗಿ ಮಸ್ಕಿ ತಾಲೂಕಿನ ರೈತರು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತರು. 2021ರ ಉಪಚುನಾವಣೆಯಲ್ಲಿ ಯಾವ ಪಕ್ಷವೂ ಆ ಮಾತು ಬಿಟ್ಟು ಮತ ಕೇಳಲಾಗಲಿಲ್ಲ. ಏಮ್ಸ್‌ ಆಸ್ಪತ್ರೆಗಾಗಿ ರಾಯಚೂರಿನಲ್ಲಿ 2022ರ ಮೇ ತಿಂಗಳಿಂದ ಸಾವಿರ ದಿನ ದಾಟಿ ಹೋರಾಟ ನಡೆಯಿತು. ಕೊಠಡಿಗೆ ಅಷ್ಟು ದಿನ ಕೂಡಬೇಕಿಲ್ಲ. ಕಾಯ್ದೆ ನಮ್ಮ ಕಡೆ ಇದೆ, ಘೋಷಿಸಿದ ಹಣವೂ ಇದೆ.

ಮಾಡಬೇಕಾದ್ದು ಇಷ್ಟು. ಎಸ್‌ಡಿಎಂಸಿ ಎಂದರೆ ಆಗಸ್ಟ್ ಹದಿನೈದಕ್ಕೆ ಧ್ವಜದ ಪಕ್ಕ ನಿಲ್ಲುವ ಸಮಿತಿ ಎಂದು ತಿಳಿಯಬೇಡಿ. ಅದರಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕೆಂದು ಕಾಯ್ದೆಯೇ ಹೇಳುತ್ತದೆ. ಶಾಲಾ ಅಭಿವೃದ್ಧಿ ಯೋಜನೆ ಬರೆಯುವ ಅಧಿಕಾರವೂ ಅದಕ್ಕೇ ಇದೆ, ಸರ್ಕಾರದ ಅನುದಾನಕ್ಕೆ ಆಧಾರ ಆ ಯೋಜನೆಯೇ. ಮುಂದಿನ ಸಭೆಯಲ್ಲಿ ಅದನ್ನು ಓದಿಸಿ. ಕೊಠಡಿ ಎಷ್ಟು, ಬಳಕೆಯಲ್ಲಿ ಎಷ್ಟು, ಸೋರುವವು ಎಷ್ಟು ಎಂದು ಬರೆಸಿ, ಮೊಬೈಲಿನಲ್ಲಿ ಫೋಟೊ ತೆಗೆದು ಲಗತ್ತಿಸಿ, ಠರಾವು ಮಾಡಿ ಒಂದು ಪ್ರತಿ ಬಿಇಒ ಕಚೇರಿಗೆ, ಒಂದು ಗ್ರಾಮ ಪಂಚಾಯತಿಗೆ, ಒಂದು ಶಾಸಕರಿಗೆ ಕೊಟ್ಟು ಮೂರರ ಮೇಲೂ ಸ್ವೀಕೃತಿ ಸಹಿ, ಮೊಹರು ಹಾಕಿಸಿಕೊಳ್ಳಿ. ಶಿಥಿಲ ಕೊಠಡಿ ಕೆಡವಲು ಅನುಮತಿ ಬಂದರೆ, ಹೊಸ ಕೊಠಡಿಯ ಮಂಜೂರಾತಿಯನ್ನೂ ಜೊತೆಗೇ ಕೇಳಿ; ಕೆಡವಿದ ಜಾಗ ಖಾಲಿ ಉಳಿಯುವುದನ್ನು ಬಹಳ ಊರುಗಳಲ್ಲಿ ನೋಡಿದ್ದೇವೆ. ಸ್ಮಾರ್ಟ್ ಕ್ಲಾಸಿನ ಟಿವಿ ಕೊಡಲು ಬಂದವರಿಗೆ, ಅದನ್ನು ನೇತು ಹಾಕುವ ಗೋಡೆ ತೋರಿಸಿ, ಮೊದಲು ಅದನ್ನು ಗಟ್ಟಿ ಮಾಡಿಕೊಡಿ ಎನ್ನಿ. ಮಸ್ಕಿಯವರಿಗೆ ಇನ್ನೊಂದು ಮಾತು: ತಾಲೂಕು ಹೊಸದು, ನಿಮ್ಮ ಶಾಲೆಗಳ ಕಡತ ಬಹುಕಾಲ ಹಳೆಯ ತಾಲೂಕುಗಳ ಕಚೇರಿಗಳಲ್ಲಿ ಓಡಾಡಿದೆ, ನಿಮ್ಮ ಶಾಲೆ ಯಾವ ಪಟ್ಟಿಯಲ್ಲಿದೆ ಎಂದು ಖುದ್ದಾಗಿ ನೋಡಿಕೊಳ್ಳಿ.

ಗ್ರಾಮಸಭೆಗೆ ತಾಯಂದಿರು ಬರಬೇಕು. ಬೇರೆ ಕೆಲಸ ಓದುವ ಮೊದಲು ಶಾಲೆಯ ಠರಾವು ಓದಿ ಎಂದು ಎದ್ದು ನಿಂತು ಕೇಳಬೇಕು. ಕೂಲಿ ತಪ್ಪುತ್ತದೆ, ಗೊತ್ತು. ಓಣಿಗೆ ಇಬ್ಬರಾದರೂ ಬನ್ನಿ, ಅವರ ಆ ದಿನದ ಕೂಲಿಯನ್ನು ಉಳಿದವರು ಕೂಡಿ ಹಂಚಿಕೊಳ್ಳಿ.

ಓದಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಯವರಿಗೆ ಕೊಡಿ. ಓದಲು ಬರದವರ ಮನೆಯಲ್ಲಿ ಶಾಲೆಗೆ ಹೋಗುವ ಮಗುವಿನಿಂದಲೇ ಓದಿಸಿ.

ಸರ್ಕಾರಿ ಶಾಲೆಯ ಮಕ್ಕಳ ಪಾಲಕರು
ಸಿಂಧನೂರು, ಲಿಂಗಸುಗೂರು, ಮಸ್ಕಿ