ಮಿತಭಾಷಿ ರಾಯಭಾರಿ

ಕೃಷ್ಣಸಂಧಾನದ ಕಥೆಯನ್ನು ಕೇಳಿ ಬೆಳೆದ ನಮಗೆ ರಾಯಭಾರಿಯೆಂದರೆ ಮಾತಿನ ಮಲ್ಲನೇ ಆಗಿರಬೇಕೆಂಬ ಭಾವನೆ ಇರುವುದು ಸಹಜ. ಅಮೆರಿಕದ ಮೈಕ್ ಮ್ಯಾನ್ಸ್‌ಫೀಲ್ಡರ ಜೀವನವನ್ನು ಓದಿದ ಮೇಲೆ ನನಗೆ ಆ ಭಾವನೆಯಲ್ಲಿ ನಂಬಿಕೆ ಉಳಿದಿಲ್ಲ. 'ಹೌದು', 'ಇಲ್ಲ' ಎಂಬೆರಡು ಮಾತುಗಳಲ್ಲೇ ಪತ್ರಕರ್ತರನ್ನು ಸಾಗಹಾಕುತ್ತಿದ್ದ ಈ ಮನುಷ್ಯರು 1961ರಿಂದ 1977ರವರೆಗೆ ಸೆನೆಟ್ಟಿನ ಬಹುಮತ ಪಕ್ಷದ ನಾಯಕರಾಗಿದ್ದರು. ಆಮೇಲೆ 1988ರವರೆಗೆ ಜಪಾನಿನಲ್ಲಿ ರಾಯಭಾರಿ. ಕಳುಹಿಸಿದವರು ಸ್ವಪಕ್ಷದ ಕಾರ್ಟರ್. ಎದುರು ಪಕ್ಷದ ರೇಗನ್ ಅಧ್ಯಕ್ಷರಾದ ಮೇಲೂ ಇವರನ್ನೇ ಉಳಿಸಿಕೊಂಡರು.

ಎಂಟನೆಯ ತರಗತಿಯನ್ನೂ ಮುಗಿಸದೆ, ಹದಿನಾಲ್ಕರಲ್ಲಿ ವಯಸ್ಸನ್ನು ಮರೆಮಾಚಿ ನೌಕಾದಳ ಸೇರಿದವರು ಇವರು. ಬಳಿಕ ಮೊಂಟಾನ ಪ್ರಾಂತದ ಬ್ಯೂಟ್ ಎಂಬ ಊರಿನ ತಾಮ್ರದ ಗಣಿಯಲ್ಲಿ ಕೂಲಿ. ಅಲ್ಲಿ ಪರಿಚಯವಾದ ಮೋರಿನ್ ಎಂಬ ಉಪಾಧ್ಯಾಯಿನಿ ಅವರನ್ನು ಓದಿಗೆ ಹಚ್ಚಿದರು; ಮದುವೆಯಾದ ಮೇಲೆ ತಮ್ಮ ಜೀವವಿಮೆಯ ಹಣವನ್ನೇ ತೆಗೆದು ಪತಿಯ ವಿದ್ಯೆಗೆ ಸುರಿದರು. ಬಿ.ಎ. ಆದದ್ದು 1933ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ! ಮನೆತನದಲ್ಲೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಾನು ಈ ಭಾಗವನ್ನು ಎರಡು ಸಲ ಓದಿದೆ. ಮುಂದೆ ಅವರು ವಿಶ್ವವಿದ್ಯಾಲಯದಲ್ಲಿ ದೂರಪ್ರಾಚ್ಯದ ಇತಿಹಾಸವನ್ನು ಬೋಧಿಸಿದರು. ರಾಜಕಾರಣಿಗೆ ರಾಯಭಾರವೆಂಬುದು ವಿಶ್ರಾಂತಿವೇತನವಿದ್ದಂತೆ ಎಂದು ಹಳಿಯುವವರು ಇದನ್ನು ಗಮನಿಸಬೇಕು.

1981ರಲ್ಲಿ ಅಮೆರಿಕದ ಜಲಾಂತರ್ಗಾಮಿಯೊಂದು ಜಪಾನಿನ ಸರಕುಹಡಗಿಗೆ ಡಿಕ್ಕಿ ಹೊಡೆದು ಇಬ್ಬರು ನಾವಿಕರು ಸತ್ತರು. ಜಪಾನೀಯರ ಕೋಪ ಕೆರಳಿತ್ತು. ಎಪ್ಪತ್ತೆಂಟರ ಈ ವೃದ್ಧರು ಜಪಾನೀ ಪದ್ಧತಿಯಂತೆ ಆಳವಾಗಿ ತಲೆಬಾಗಿ ಕ್ಷಮೆ ಕೋರಿದರು. ಯಾವ ಭಾಷಣದಿಂದ ಅಷ್ಟು ಕೆಲಸವಾಗುತ್ತಿತ್ತು?

ಆದರೂ ಈ ಮೌನದ ಬಗ್ಗೆ ನನ್ನದೊಂದು ಆಕ್ಷೇಪವಿದೆ. ವಿಯೆಟ್ನಾಮಿನ ವಿಷಯದಲ್ಲಿ ಅವರು 1962ರಲ್ಲೇ ಕೆನಡಿಯವರಿಗೆ ಅಪ್ರಿಯವಾದ ಸತ್ಯವನ್ನು ವರದಿಮಾಡಿದ್ದರು. ಜಾನ್ಸನ್ನರಿಗೂ ಓಲೆಗಳ ಮೂಲಕ ಎಚ್ಚರಿಕೆ ಕೊಟ್ಟಿದ್ದರು. ಆದರೆ 1964ರಲ್ಲಿ ಟಾಂಕಿನ್ ಕೊಲ್ಲಿಯ ನಿರ್ಣಯ ಬಂದಾಗ ಅದರ ಪರವಾಗಿಯೇ ಮತವಿತ್ತರು. ಸೆನೆಟ್ಟಿನಲ್ಲಿ ಅದಕ್ಕೆ ವಿರೋಧವಾಗಿ ಬಿದ್ದ ಮತಗಳು ಎರಡೇ ಎರಡು. ಸಭಾನಾಯಕರೇ ಎದ್ದು ನಿಂತು ಮನಸ್ಸಿನಲ್ಲಿದ್ದುದನ್ನು ಆಡಿದ್ದರೆ? ಯುದ್ಧ ನಿಲ್ಲುತ್ತಿತ್ತೆಂದು ನಾನು ಹೇಳಲಾರೆ. ಆದರೆ ಯುದ್ಧಕ್ಕೆ ಹೋಗಲಿದ್ದ ಹುಡುಗರಿಗೆ, ಅವರ ತಾಯಂದಿರಿಗೆ ಆ ಮಾತನ್ನು ಕೇಳುವ ಹಕ್ಕಿತ್ತು. ಓಲೆಯನ್ನು ಓದಿದವರು ಅಧ್ಯಕ್ಷರು ಮಾತ್ರ.

ನಮ್ಮ ಇತಿಹಾಸದ ಅಧ್ಯಾಪಕರು ಇದನ್ನು ಒಪ್ಪುವುದಿಲ್ಲ. ನಾಯಕನಾದವನು ಅಧ್ಯಕ್ಷನನ್ನು ಬಹಿರಂಗವಾಗಿ ಎದುರುಹಾಕಿಕೊಂಡರೆ ಮರುದಿನ ಅವನ ಎಚ್ಚರಿಕೆಗೆ ಕಿವಿಗೊಡುವವರಾರು ಎಂದು ಅವರು ಕೇಳುತ್ತಾರೆ. ಕಿವಿಗೊಟ್ಟು ಜಾನ್ಸನ್ನರು ಮಾಡಿದ್ದೇನು ಎಂದು ನಾನು ಕೇಳುತ್ತೇನೆ. ತರಗತಿಯ ಗಂಟೆ ಬಾರಿಸಿದರೂ ಈ ವಾದ ಇನ್ನೂ ಮುಗಿದಿಲ್ಲ.