ರೀಲು ತೊಳೆಸಿದ ಮೇಲೆ ನೆಗೆಟಿವ್ ಕೇಳಿ ಪಡೆಯಿರಿ

ಈಗ ತಿಕೋಟಾ ಬಸ್ ನಿಲ್ದಾಣದಲ್ಲಿ ನಿಂತು ‘ರೀಲ್’ ಅಂದರೆ ಹುಡುಗರು ಫೋನ್ ತೆಗೆದು ತೋರಿಸುತ್ತಾರೆ. ನಮ್ಮ ಹಿರಿಯರಿಗೆ ರೀಲು ಅಂದರೆ ಕ್ಯಾಮೆರಾಕ್ಕೆ ಹಾಕುವ ಫಿಲ್ಮ್ ಸುರುಳಿ. ಒಂದು ರೀಲಿಗೆ 36 ಫೋಟೊ. ಮದುವೆಗೆ ಹತ್ತು, ಜಾತ್ರೆಗೆ ನಾಲ್ಕು, ಗೋಳಗುಮ್ಮಟದ ಮುಂದೆ ಎರಡು ಎಂದು ಎಣಿಸಿ ಎಣಿಸಿ ತೆಗೆಯುತ್ತಿದ್ದರು. ಮುಗಿದ ಮೇಲೆ ಬಿಜಾಪುರಕ್ಕೆ ಹೋಗಿ ರೀಲು ತೊಳೆಸಿ, ಪ್ರಿಂಟು ಹಾಕಿಸಿಕೊಂಡು ಬರುತ್ತಿದ್ದರು. ಪ್ರಿಂಟಿನ ಲಕೋಟೆಯ ಹಿಂದಿನ ಚೀಲದಲ್ಲಿ ಕಂದು ಬಣ್ಣದ ಪಟ್ಟಿಗಳಿರುತ್ತಿದ್ದವು. ಅವೇ ನೆಗೆಟಿವ್.

ನಿಮ್ಮ ಮನೆಯ ಟ್ರಂಕಿನಲ್ಲಿ ಆ ಪಟ್ಟಿಗಳು ಇನ್ನೂ ಇರಬಹುದು. ತೊಳೆಸದೇ ಬಿಟ್ಟ ರೀಲೂ ಇರಬಹುದು. ಅವನ್ನು ಹೊತ್ತು ಪೇಟೆಗೆ ಹೋಗುವವರಿಗೆ ನಾನು ಹೇಳುವುದು ಒಂದೇ ಮಾತು: ನೆಗೆಟಿವ್ ಕೈಗೆ ಬರುವ ತನಕ ಆ ಅಂಗಡಿಯ ಮೆಟ್ಟಿಲು ಇಳಿಯಬೇಡಿ. ಇದನ್ನು ನಾನು ಕಲಿತದ್ದು ಕಳಕೊಂಡ ಮೇಲೆ.

ಕಡಲೆಕಾಳಿನಷ್ಟು ಮುಖ

ದಸರಾಕ್ಕೆ ಮನೆ ಸ್ವಚ್ಛ ಮಾಡುವಾಗ ಕಾಕಾನ ಹಳೆಯ ಕೊಡಕ್ ಕೆಬಿ-10 ಕ್ಯಾಮೆರಾ ಸಿಕ್ಕಿತು. ಅದರ ಚೀಲದಲ್ಲಿ ತೊಳೆಸದೇ ಉಳಿದಿದ್ದ ಒಂದು ರೀಲು. ಕಾಕಾ ನೆನಪು ಮಾಡಿಕೊಂಡ: “ಇದರಾಗ ಆಯಿ ಇದ್ದಾಳ ನೋಡ. ರಾಶಿ ಮಾಡೂ ಮುಂದ ತಗದಿದ್ದೆ.”

ನಮ್ಮ ಆಯಿ ತೀರಿಕೊಂಡು ಬಹಳ ವರ್ಷವಾಯಿತು. ಗೋಡೆಗೆ ಹಾಕಲು ಅವಳದೊಂದು ಫೋಟೊ ನಮ್ಮಲ್ಲಿಲ್ಲ. ಇರುವುದು ಮತದಾರರ ಗುರುತಿನ ಚೀಟಿಯಲ್ಲಿನ ಮಸುಕು ಮುಖ ಮಾತ್ರ. ಟಿ.ಎನ್. ಶೇಷನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದಾಗ, 1993ರಲ್ಲಿ, ಫೋಟೊ ಇರುವ ಗುರುತಿನ ಚೀಟಿಗೆ ಆದೇಶವಾಯಿತು. ನಮ್ಮ ಕಡೆಯ ಎಷ್ಟೋ ಮುದುಕಿಯರಿಗೆ ಜೀವನದಲ್ಲಿ ತೆಗೆಸಿಕೊಂಡ ಒಂದೇ ಫೋಟೊ ಅದು.

ರೀಲು ಹಿಡಿದು ವಿಜಯಪುರದಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗಿದೆ. “ಈಗ್ಯಾರ ರೀಲ್ ತೊಳಿತಾರ ತಂಗಿ” ಎಂದವರೇ ಹೆಚ್ಚು. ಕೊನೆಗೆ ಒಬ್ಬರು ಇಸಿದುಕೊಂಡರು. ಬೇರೆ ಊರಿನ ಲ್ಯಾಬಿಗೆ ಕಳಿಸುತ್ತೇವೆ, ತಡವಾಗುತ್ತದೆ ಎಂದರು. ಒಪ್ಪಿ ಬಂದೆ. ತಿಂಗಳ ಮೇಲೆ ವಾಟ್ಸಾಪಿಗೆ ಹನ್ನೊಂದು ಫೋಟೊ ಬಂದವು. ಉಳಿದವು ಮಂಜು ಕವಿದು ಹೋಗಿದ್ದವಂತೆ. ಒಂದರಲ್ಲಿ ಕಣದ ಆಚೆ ಬದಿಗೆ ಆಯಿ ನಿಂತಿದ್ದಾಳೆ. ಕೈಯಲ್ಲಿ ಮೊರ, ತಲೆಯ ಮೇಲೆ ಸೆರಗು. ಅವ್ವ ಫೋನ್ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕೂತಳು.

ಆಯಿಯ ಮುಖ ಆ ಫೋಟೊದಲ್ಲಿ ಕಡಲೆಕಾಳಿನಷ್ಟು. ದೊಡ್ಡದು ಮಾಡಿದರೆ ಬರೀ ಚೌಕ ಚೌಕ. ನೆಗೆಟಿವ್ ತಂದು ಇನ್ನೊಂದು ಕಡೆ ಚಲೋ ಸ್ಕ್ಯಾನ್ ಮಾಡಿಸೋಣ ಎಂದು ಅಂಗಡಿಗೆ ಮತ್ತೆ ಹೋದೆ. ಅವರು ನಿಜವಾಗಿಯೂ ಆಶ್ಚರ್ಯಪಟ್ಟರು. “ನೆಗೆಟಿವ್ ಯಾಕ ಬೇಕ್ರೀ? ಫೋಟೊ ಬಂದಾವಲ್ಲ ಮೊಬೈಲ್‌ನಾಗ. ಯಾರೂ ಕೇಳೂದಿಲ್ಲಂತ ಲ್ಯಾಬ್‌ನ್ಯಾಗ ಒಗದ್ ಬಿಟ್ಟಾರ.”

ಯಾರೂ ಕೇಳೂದಿಲ್ಲ. ಅವರು ಹೇಳಿದ್ದು ಸುಳ್ಳಲ್ಲ. ರೀಲು ಕೊಡುವಾಗ ನಾನೂ ಕೇಳಿರಲಿಲ್ಲ.

ಫೋಟೊ ನಕಲು, ನೆಗೆಟಿವ್ ಅಸಲು

ಹೊಲದ ಪಹಣಿ ಎಷ್ಟು ಸಲ ಬೇಕಾದರೂ ತೆಗೆಸಬಹುದು, ಮೂಲ ದಾಖಲೆ ಕಚೇರಿಯಲ್ಲಿರುತ್ತದೆ. ನೆಗೆಟಿವ್ ಅಂಥ ಮೂಲ ದಾಖಲೆ. ಪ್ರಿಂಟು, ಸ್ಕ್ಯಾನು, ವಾಟ್ಸಾಪಿಗೆ ಬಂದ ಫೋಟೊ ಎಲ್ಲವೂ ಅದರ ನಕಲು. ನಕಲು ಕೆಟ್ಟಿದ್ದರೆ ಅಸಲಿನಿಂದ ಇನ್ನೊಂದು ಮಾಡಿಸಬಹುದು. ಅಸಲು ಹೋದರೆ ಕೈಯಲ್ಲಿರುವ ಕೆಟ್ಟ ನಕಲೇ ಗತಿ.

ಸ್ವಲ್ಪ ಲೆಕ್ಕ ನೋಡಿ. 35 ಎಂಎಂ ರೀಲಿನ ಒಂದು ಚಿತ್ರದ ಅಳತೆ 24×36 ಮಿಲಿಮೀಟರ್. ಅದನ್ನು 2400 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 3400×2270 ಪಿಕ್ಸೆಲ್‌ಗಳ ಫೋಟೊ ಸಿಗುತ್ತದೆ. ಗೋಡೆಗೆ ಹಾಕುವ 8×10 ಇಂಚಿನ ಫೋಟೊ ಚೊಕ್ಕ ಬರಬೇಕಾದರೆ 3000×2400 ಪಿಕ್ಸೆಲ್ ಬೇಕು. ವಾಟ್ಸಾಪ್‌ನಲ್ಲಿ ಸಾದಾ ಫೋಟೊ ಆಗಿ ಕಳಿಸಿದರೆ ಅದು ತನ್ನಷ್ಟಕ್ಕೆ ಕುಗ್ಗಿಬಿಡುತ್ತದೆ. ಫೋನ್ ಪರದೆಯಲ್ಲಿ ಚೆಂದ ಕಾಣುತ್ತದೆ, ಕಟ್ಟು ಹಾಕಿಸಲು ಹೋದಾಗ ಬಣ್ಣ ಬಯಲಾಗುತ್ತದೆ.

ನಮ್ಮ ರೀಲು ಮೊದಲೇ ಅರ್ಧ ಸತ್ತಿತ್ತು. ತೊಳೆಸದ ರೀಲಿಗೆ ಬಿಸಿಲು ವೈರಿ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ತಗಡಿನ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ ಅದು ಅಂಥ ಇಪ್ಪತ್ತಕ್ಕೂ ಹೆಚ್ಚು ಬೇಸಿಗೆ ಕಳೆದಿತ್ತು. ಹೀಗೆ ತೆಳುವಾದ ನೆಗೆಟಿವ್‌ನಿಂದ ಒಳ್ಳೆಯ ಸ್ಕ್ಯಾನರಿನಲ್ಲಿ, ತಾಳ್ಮೆ ಇರುವವರ ಕೈಯಲ್ಲಿ, ಇನ್ನಷ್ಟು ಮುಖ ಹೊರಗೆ ಬರುವ ಸಾಧ್ಯತೆ ಇತ್ತು. ಆ ಸಾಧ್ಯತೆಯನ್ನೇ ಕಸದ ಬುಟ್ಟಿಗೆ ಹಾಕಿದರು.

ಅಂಗಡಿಯವರ ಕಷ್ಟವೂ ಇದೆ

ಒಂದೇ ಕಡೆಯ ಮಾತು ಬರೆದರೆ ತಪ್ಪಾಗುತ್ತದೆ. ಬಣ್ಣದ ರೀಲು ತೊಳೆಯುವ ವಿಧಾನಕ್ಕೆ ಸಿ-41 ಎಂದು ಹೆಸರು. ಕೊಡಕ್ ಕಂಪನಿ ಅದನ್ನು ತಂದದ್ದು 1972ರಲ್ಲಿ. ಡೆವಲಪರ್ ದ್ರಾವಣ 37.8 ಡಿಗ್ರಿ ಬಿಸಿಯಲ್ಲೇ ಇರಬೇಕು, ರೀಲು ಅದರಲ್ಲಿ 3 ನಿಮಿಷ 15 ಸೆಕೆಂಡು ಇರಬೇಕು. ಅರ್ಧ ಡಿಗ್ರಿ ಹೆಚ್ಚುಕಡಿಮೆಯಾದರೂ ಬಣ್ಣ ತಿರುಗಬಹುದು. ಆಮೇಲೆ ಬ್ಲೀಚ್, ಫಿಕ್ಸರ್, ತೊಳೆಯುವುದು, ಒಣಗಿಸುವುದು. ದಿನಾ ಹತ್ತಾರು ರೀಲು ಬಂದರೆ ಯಂತ್ರದಲ್ಲಿ ಹೊಸ ದ್ರಾವಣ ಬೆರೆಯುತ್ತ ಎಲ್ಲ ಹದದಲ್ಲಿರುತ್ತದೆ. ವಾರಕ್ಕೆ ಎರಡು ರೀಲು ಬಂದರೆ ದ್ರಾವಣ ನಿಂತಲ್ಲೇ ಕೆಡುತ್ತದೆ.

ಕೋನಿಕಾ ಮಿನೋಲ್ಟಾ ಕಂಪನಿ 2006ರಲ್ಲಿ ಫೋಟೊ ವ್ಯವಹಾರವನ್ನೇ ಬಿಡುವುದಾಗಿ ಹೇಳಿತು. ಕೊಡಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ನಮ್ಮ ದೇಶದ್ದೇ ಆದ ‘ಇಂದು’ ಫಿಲ್ಮ್ ತಯಾರಿಸುತ್ತಿದ್ದ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯೂ ಮುಚ್ಚಿತು. ಇಷ್ಟೆಲ್ಲ ಆದ ಮೇಲೆ ಜಿಲ್ಲಾ ಕೇಂದ್ರದ ಅಂಗಡಿಯವರು ಯಂತ್ರ ಇಟ್ಟುಕೊಂಡು ಕೂರಲಿ ಎನ್ನುವುದು ನ್ಯಾಯವಲ್ಲ. ರೀಲು ಕೂಡಿಸಿ ಬೆಂಗಳೂರಿಗೋ ಮುಂಬೈಗೋ ಕಳಿಸಲಿ. ತಡವಾಗಲಿ. ಹಿಂದಿಗಿಂತ ಹೆಚ್ಚು ದುಡ್ಡು ಕೇಳಲಿ. ಅದಕ್ಕೆಲ್ಲ ನನ್ನ ತಕರಾರಿಲ್ಲ.

ತಕರಾರು ಒಂದೇ. ಗಿರಣಿಗೆ ಜೋಳ ಕೊಟ್ಟವರಿಗೆ ಹಿಟ್ಟು ವಾಪಸ್ ಕೊಡಬೇಕು. ರೀಲು ನನ್ನದು. ತೊಳೆದದ್ದಕ್ಕೆ ಕೂಲಿ ಕೊಟ್ಟಿದ್ದೇನೆ. ತೊಳೆದ ಪಟ್ಟಿ ನನಗೇ ಸೇರಬೇಕು. ಬೇಡವೆಂದರೆ ಬಿಸಾಡುವ ಹಕ್ಕೂ ನನ್ನದು.

ಸ್ಟುಡಿಯೊದಲ್ಲಿ ಉಳಿದ ನೆಗೆಟಿವ್‌ಗಳು

ಇದಕ್ಕೂ ದೊಡ್ಡ ಗಂಟು ಸ್ಟುಡಿಯೊಗಳಲ್ಲಿದೆ. ಮದುವೆ, ಸೀಮಂತ, ನಾಮಕರಣ, ಶಾಲೆಯ ಗ್ರೂಪ್ ಫೋಟೊ ಎಲ್ಲದರ ನೆಗೆಟಿವನ್ನು ಸ್ಟುಡಿಯೊದವರು ತಮ್ಮಲ್ಲೇ ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಮರುಪ್ರಿಂಟು ಬೇಕಾದರೆ ಗಿರಾಕಿ ಅವರ ಬಳಿಯೇ ಬರಬೇಕಲ್ಲ. ಆದರೆ ಕಾನೂನು ಏನು ಹೇಳುತ್ತದೆ ನೋಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೊದ ಹಕ್ಕಿನ ಮೊದಲ ಒಡೆಯರು ಅದನ್ನು ತೆಗೆಸಿಕೊಂಡವರೇ. ಬೇರೆ ಒಪ್ಪಂದ ಆಗಿದ್ದರೆ ಮಾತ್ರ ಬೇರೆ ಮಾತು. ನೆಗೆಟಿವ್ ಪಟ್ಟಿ ಸ್ಟುಡಿಯೊದ ಡಬ್ಬಿಯಲ್ಲಿರಬಹುದು, ನಿಮ್ಮವ್ವನ ಮದುವೆಯ ಚಿತ್ರದ ಮೇಲಿನ ಹಕ್ಕು ಸುಮ್ಮನೆ ಅವರಿಗೆ ಹೋಗುವುದಿಲ್ಲ.

ಈಗ ಹಳೆಯ ಸ್ಟುಡಿಯೊಗಳು ಮುಚ್ಚುತ್ತಿವೆ, ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಡಬ್ಬಿಗಟ್ಟಲೆ ನೆಗೆಟಿವ್ ಗುಜರಿಗೆ ಹೋಗುತ್ತದೆ. ಕಪ್ಪು-ಬಿಳುಪು ನೆಗೆಟಿವ್‌ನಲ್ಲಿ ಚಿತ್ರ ಮೂಡಿರುವುದೇ ಬೆಳ್ಳಿಯ ಕಣಗಳಿಂದ. ಅದಕ್ಕೇ ಎಕ್ಸ್‌ರೇ ಹಾಳೆಗಳಂತೆ ಅದನ್ನೂ ಬೆಳ್ಳಿ ತೆಗೆಯುವವರು ಕೊಳ್ಳುತ್ತಾರೆ. ಬಣ್ಣದ ನೆಗೆಟಿವ್‌ನಲ್ಲಿ ಬೆಳ್ಳಿ ಉಳಿಯುವುದೇ ಇಲ್ಲ, ತೊಳೆಯುವಾಗಲೇ ಹೊರಟುಹೋಗಿ ಬರೀ ಬಣ್ಣ ನಿಂತಿರುತ್ತದೆ. ಅಂದರೆ ಬಣ್ಣದ ಪಟ್ಟಿ ಗುಜರಿಯವರಿಗೆ ಕಸ, ಆ ಮನೆಯವರಿಗೆ ಮಾತ್ರ ಬದುಕು.

ಬೇರೆ ಕಡೆ ಈ ಕಸದಿಂದ ಏನಾಗಿದೆ ಗೊತ್ತೇ? ಮಧ್ಯಪ್ರದೇಶದ ನಾಗ್ದಾ ಎಂಬ ಸಣ್ಣ ಊರಿನಲ್ಲಿ ಸುರೇಶ್ ಪಂಜಾಬಿ ಎಂಬುವರ ಸುಹಾಗ್ ಸ್ಟುಡಿಯೊ ಇದೆ. ಅವರು ಜೋಪಾನ ಮಾಡಿದ್ದ ನೆಗೆಟಿವ್‌ಗಳ ಮೇಲೆ ಕ್ರಿಸ್ಟೋಫರ್ ಪಿನ್ನಿ ಎಂಬ ಮಾನವಶಾಸ್ತ್ರಜ್ಞರು ಪುಸ್ತಕವನ್ನೇ ಬರೆದರು. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿಯಲ್ಲಿ ಅವುಗಳ ಪ್ರದರ್ಶನವೂ ಆಯಿತು. ಪುದುಚೇರಿಯ ಫ್ರೆಂಚ್ ಸಂಶೋಧನಾ ಸಂಸ್ಥೆಯವರು ಬ್ರಿಟಿಷ್ ಲೈಬ್ರರಿಯ ನೆರವು ಪಡೆದು ತಮಿಳುನಾಡಿನ ಹಳೆಯ ಸ್ಟುಡಿಯೊಗಳ ಫೋಟೊ ಹುಡುಕಿ ಡಿಜಿಟಲ್ ಮಾಡಿಟ್ಟಿದ್ದಾರೆ. ಅಲ್ಲಿರುವುದೂ ಸಾದಾ ಜನರ ಮುಖಗಳೇ, ನಮ್ಮ ನಿಮ್ಮಂಥವರದ್ದು.

ನಮ್ಮ ಕಡೆ ಕಳೆದುಹೋಗುವುದು ಮುಖಗಳಷ್ಟೇ ಅಲ್ಲ. ತುಬಚಿ–ಬಬಲೇಶ್ವರ ಏತ ನೀರಾವರಿ ಬರುವ ಮೊದಲು ತಿಕೋಟಾ ಸುತ್ತಲ ಹೊಲ ಹೇಗಿದ್ದವು, ದ್ರಾಕ್ಷಿ ಪಡಗಳು ಬರುವ ಮೊದಲು ಏನು ಬೆಳೆಯುತ್ತಿದ್ದೆವು, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಓಣಿ ಹೇಗಿತ್ತು ಎಂದು ಮೊಮ್ಮಕ್ಕಳು ಕೇಳಿದರೆ ತೋರಿಸಲು ಏನಿದೆ? ಯಾರದೋ ಮದುವೆ ಮೆರವಣಿಗೆಯ ಫೋಟೊದ ಹಿಂಬದಿಯಲ್ಲಿ ಆ ಓಣಿ, ಆ ಬಾವಿ, ಆ ಗುಡಿ ಇರುತ್ತವೆ. ಅದನ್ನು ತೆಗೆದವರು ಇತಿಹಾಸ ಬರೆಯಲು ತೆಗೆದದ್ದಲ್ಲ. ಆದರೂ ಅದು ಇತಿಹಾಸವೇ.

ಏನು ಮಾಡಬಹುದು

ತೊಳೆಸದ ರೀಲು ಸಿಕ್ಕರೆ ತೆರೆದು ನೋಡಬೇಡಿ, ಒಂದು ಕ್ಷಣದ ಬೆಳಕಿಗೂ ಚಿತ್ರ ಹೋಗುತ್ತದೆ. ತಂಪಾದ ಕಡೆ ಇಡಿ, ತಡ ಮಾಡದೆ ಕಳಿಸಿ. ಬಹಳ ಹಳೆಯ ಬಣ್ಣದ ರೀಲನ್ನು ಕಪ್ಪು-ಬಿಳುಪಿನ ವಿಧಾನದಲ್ಲಿಯೂ ತೊಳೆಯಬಹುದು. ಬಣ್ಣ ಬರದಿದ್ದರೂ ಮುಖ ಬರಬಹುದು. ಹಾಗೆ ಒಮ್ಮೆ ತೊಳೆದ ಮೇಲೆ ಬಣ್ಣ ಮರಳಿ ಸಿಗುವುದಿಲ್ಲ. ಆದ್ದರಿಂದ ಲ್ಯಾಬಿನವರನ್ನು ಮೊದಲೇ ಕೇಳಿ ನಿರ್ಧರಿಸಿ.

ಅಂಗಡಿಯಲ್ಲಿ ಮೂರು ಮಾತು ರಸೀದಿಯ ಮೇಲೆ ಬರೆಸಿ. ನೆಗೆಟಿವ್ ವಾಪಸ್ ಕೊಡಬೇಕು. ಸ್ಕ್ಯಾನ್ 2400 ಡಿಪಿಐಗಿಂತ ಕಡಿಮೆ ಇರಬಾರದು. ಫೋಟೊಗಳನ್ನು ಪೆನ್‌ಡ್ರೈವಿನಲ್ಲಿ ಕೊಡಬೇಕು, ವಾಟ್ಸಾಪ್ ಆದರೆ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು.

ಝೆರಾಕ್ಸ್ ಅಂಗಡಿಯ ಸಾದಾ ಸ್ಕ್ಯಾನರಿನಲ್ಲಿ ನೆಗೆಟಿವ್ ಸರಿಯಾಗಿ ಬರುವುದಿಲ್ಲ, ಬೆಳಕು ಪಟ್ಟಿಯ ಮೂಲಕ ಹಾಯ್ದು ಬರಬೇಕು. ಯಾವ ಪಟ್ಟಿಯಲ್ಲಿ ಏನಿದೆ ಎಂದು ಮನೆಯಲ್ಲೇ ನೋಡಲು ಒಂದು ಉಪಾಯವಿದೆ. ಒಂದು ಫೋನಿನಲ್ಲಿ ಪೂರ್ತಿ ಬಿಳಿ ಪರದೆ ಹಾಕಿ, ಅದರಿಂದ ಎರಡು ಬೆರಳು ಎತ್ತರದಲ್ಲಿ ನೆಗೆಟಿವ್ ಹಿಡಿದು, ಇನ್ನೊಂದು ಫೋನಿನಿಂದ ಫೋಟೊ ತೆಗೆಯಿರಿ. ಫೋಟೊ ತಿದ್ದುವ ಆ್ಯಪ್‌ನಲ್ಲಿ ಬಣ್ಣ ತಿರುವುಮುರುವು ಮಾಡಿದರೆ ಮುಖಗಳು ಎದ್ದು ಬರುತ್ತವೆ. ಇದು ಗುರುತು ಹಿಡಿಯಲು ಸಾಕು, ಕಟ್ಟು ಹಾಕಿಸಲು ಸಾಲದು. ಪಟ್ಟಿಯನ್ನು ಅಂಚಿನಲ್ಲಷ್ಟೇ ಹಿಡಿಯಿರಿ. ಒದ್ದೆ ಬಟ್ಟೆಯಿಂದ ಒರೆಸಬೇಡಿ.

ಸ್ಟುಡಿಯೊ ಮುಚ್ಚುವವರಲ್ಲಿ ಒಂದು ಬೇಡಿಕೆ. ಗುಜರಿಯವನಿಗೆ ಫೋನ್ ಮಾಡುವ ಮೊದಲು ಊರಿನ ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿ: ‘ಹಳೆಯ ನೆಗೆಟಿವ್ ಇವೆ, ಬೇಕಾದವರು ಇಂಥ ದಿನದೊಳಗೆ ಒಯ್ಯಿರಿ.’ ಹುಡುಕಿಕೊಟ್ಟ ಶ್ರಮಕ್ಕೆ ದುಡ್ಡು ಕೇಳಿದರೂ ಜನ ಕೊಡುತ್ತಾರೆ.

ಪಂಚಾಯತಿಯವರಿಗೂ ಒಂದು ಮಾತು. ಗ್ರಾಮ ಪಂಚಾಯತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರಿದೆ. ತಾಲೂಕಿಗೆ ಒಂದು ಅರಿವು ಕೇಂದ್ರದಲ್ಲಾದರೂ ನೆಗೆಟಿವ್ ಹಿಡಿಯುವ ಸ್ಕ್ಯಾನರ್ ಇಟ್ಟರೆ ಸಾಕು. ತೊರವಿಯಲ್ಲಿ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ, ಅಲ್ಲಿ ಪತ್ರಿಕೋದ್ಯಮ ಓದುವ ಹುಡುಗಿಯರಿದ್ದಾರೆ. ರಜೆಯಲ್ಲಿ ಊರೂರಿಗೆ ಹೋಗಿ ಸ್ಕ್ಯಾನ್ ಮಾಡಿ, ಫೋಟೊದಲ್ಲಿ ಯಾರಿದ್ದಾರೆ, ಯಾವ ಊರು, ಯಾವ ವರ್ಷ ಎಂದು ಹಿರಿಯರಿಂದ ಕೇಳಿ ಬರೆದಿಡುವುದು ಅವರಿಗೂ ಒಳ್ಳೆಯ ಪಾಠ. ಹೆಸರು ಹೇಳುವ ಹಿರಿಯರು ಇರುವಾಗಲೇ ಇದು ಆಗಬೇಕು.

ನಮ್ಮ ಮನೆಯಲ್ಲಿ ಆಯಿಯ ಫೋಟೊಕ್ಕೆ ಇನ್ನೂ ಕಟ್ಟು ಹಾಕಿಸಿಲ್ಲ. ಅವ್ವ ಫೋನಿನಲ್ಲೇ ನೋಡುತ್ತಾಳೆ. ಬೆರಳಿನಿಂದ ದೊಡ್ಡದು ಮಾಡುತ್ತಾಳೆ, ಮುಖ ಚೌಕ ಚೌಕವಾದ ಕೂಡಲೇ ಮತ್ತೆ ಸಣ್ಣದು ಮಾಡುತ್ತಾಳೆ. ನಿಮ್ಮ ಟ್ರಂಕು ಒಮ್ಮೆ ತೆಗೆದು ನೋಡಿ. ಲಕೋಟೆ ಸಿಕ್ಕರೆ ಪ್ರಿಂಟು ನೋಡಿ ಹಾಗೇ ಮುಚ್ಚಬೇಡಿ, ಹಿಂದಿನ ಚೀಲಕ್ಕೂ ಕೈ ಹಾಕಿ.